ವಾರ್ಡ್ ಬದಲಾದರೆ ಎಂಪಿ ಬದಲಾಗುವುದಿಲ್ಲ

ಆರ್.ಆರ್. ನಗರ (ರಾಜರಾಜೇಶ್ವರಿನಗರ) ಬೆಂಗಳೂರು ಊರೊಳಗೇ ಇದ್ದರೂ ಎಂಪಿ ಯಾಕೆ ಬೆಂಗಳೂರು ಗ್ರಾಮಾಂತರದವರು, ವಾರ್ಡ್ ಗಡಿ ಬದಲಾದರೆ ಅದೂ ಬದಲಾಗುತ್ತಾ ಅಂತ ಕೇಳಿದ್ದೀರಿ. ಇಲ್ಲ. ವಾರ್ಡ್ ಗಡಿ ಗುರುತಿಸೋದು ರಾಜ್ಯ ಸರ್ಕಾರ. ಲೋಕಸಭೆ, ವಿಧಾನಸಭೆ ಗಡಿ ಕ್ಷೇತ್ರ ಪುನರ್ವಿಂಗಡಣಾ ಆಯೋಗದ್ದು.

ಈಗಿರುವ ಗಡಿ 2001ರ ಜನಗಣತಿ ಆಧರಿಸಿ 2008ರಲ್ಲಿ ಜಾರಿಗೆ ಬಂದದ್ದು. ರಾಜ್ಯದ 224 ವಿಧಾನಸಭಾ ಕ್ಷೇತ್ರಗಳನ್ನು ಎಂಟೆಂಟರಂತೆ ಜೋಡಿಸಿ 28 ಲೋಕಸಭಾ ಕ್ಷೇತ್ರ ಮಾಡಿದ್ದಾರೆ. ಆಗ ಕನಕಪುರ ಲೋಕಸಭಾ ಕ್ಷೇತ್ರ ಹೋಗಿ ಗ್ರಾಮಾಂತರ ಬಂತು. ನಿಮ್ಮ ಆರ್.ಆರ್. ನಗರ ಕುಣಿಗಲ್, ಮಾಗಡಿ, ಆನೇಕಲ್ ಜೊತೆ ಸೇರಿತು. ಯಲಹಂಕದವರಂತೂ ಚಿಕ್ಕಬಳ್ಳಾಪುರದ ಎಂಪಿಗೆ ಮತ ಹಾಕುತ್ತಾರೆ.

ನನಗೆ ದೊಡ್ಡ ಅನ್ಯಾಯ ಅನ್ನಿಸೋದು ಬೆಂಗಳೂರಿನದೇ ಮಹದೇವಪುರ ವಿಧಾನಸಭಾ ಕ್ಷೇತ್ರದ್ದು. ಒಂದು ಕ್ಷೇತ್ರದ ರಾಜ್ಯ ಸರಾಸರಿ ಎರಡೂವರೆ ಲಕ್ಷ ಮತದಾರರ ಆಸುಪಾಸು, ಅಲ್ಲಿ ಆರು ಲಕ್ಷ ದಾಟಿದೆ, ಶಾಸಕ ಮಾತ್ರ ಒಬ್ಬರೇ.

ಒಂದು ಎಚ್ಚರಿಕೆ: ಆರ್.ಆರ್. ನಗರದಿಂದ ವಿಜಯನಗರಕ್ಕೆ ಮನೆ ಬದಲಿಸಿದರೆ ನೀವು ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರಕ್ಕೆ ಬರುತ್ತೀರಿ. ಆಗ ಫಾರಂ 8 ತುಂಬಿ. ಹಲವರು ಹೊಸ ಮತದಾರರ ಫಾರಂ 6 ತುಂಬುತ್ತಾರೆ, ಹಳೇ ಬೂತಿನಲ್ಲೂ ಹೆಸರು ಉಳಿದು ಎರಡು ಕಡೆ ನಮೂದಾಗುತ್ತದೆ.