ಕಫದ ಸಿರಪ್ ಕುಡಿದರೆ ಕೈ ನಡುಗುವುದೇಕೆ?

ಪ್ರಶ್ನೆ: ನನಗೆ 46 ವರ್ಷ. ಐದು ದಿನಗಳಿಂದ ಕಫದ ಕೆಮ್ಮು. ವೈದ್ಯರ ಚೀಟಿಯಿಲ್ಲದೆ ಕಫ ಕರಗಿಸುವ ಸಿರಪ್ ತಂದು ದಿನಕ್ಕೆ ಮೂರು ಸಲ ಎರಡೆರಡು ಚಮಚ ಕುಡಿಯುತ್ತಿದ್ದೇನೆ. ಕುಡಿದ ಸ್ವಲ್ಪ ಹೊತ್ತಿಗೆ ಹೊಟ್ಟೆ ತೊಳೆಸುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಸಹಿ ಹಾಕಲು ಹೋದರೆ ಕೈ ನಡುಗುತ್ತದೆ. ಕಫವೂ ಮೊದಲಿಗಿಂತ ಹೆಚ್ಚು ಬರುತ್ತಿದೆ. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಸಿರಪ್ ನಿಲ್ಲಿಸಬೇಕೆ?

ಉತ್ತರ: ಸದ್ಯಕ್ಕೆ ನಿಲ್ಲಿಸಿ. ಆದರೆ ನೀವು ಹೇಳಿದ ತೊಂದರೆಗಳೆಲ್ಲ ಒಂದೇ ಮೂಲದಿಂದ ಬಂದವಲ್ಲ. ಕಫ ಹೆಚ್ಚು ಬರುತ್ತಿರುವುದು ಅಡ್ಡಪರಿಣಾಮವೇ ಅಲ್ಲದಿರಬಹುದು. ಅಂಟಂಟಾದ ಕಫವನ್ನು ತೆಳುವಾಗಿಸಿ ಹೊರಬರುವಂತೆ ಮಾಡುವುದೇ ಇಂತಹ ಔಷಧದ ಕೆಲಸ. ಈ ಬಗೆಯ ಸಿರಪ್‌ಗಳಲ್ಲಿ ಸಾಮಾನ್ಯವಾಗಿರುವ ಗ್ವೈಫೆನೆಸಿನ್ ಜಠರದ ಒಳಪದರದ ನರಗಳನ್ನು ಕೆರಳಿಸಿ, ಆ ಮೂಲಕ ಶ್ವಾಸನಾಳದ ಸ್ರಾವವನ್ನು ಹೆಚ್ಚಿಸುತ್ತದೆ ಎಂಬುದು ಬಹುಕಾಲದಿಂದ ಇರುವ ವಿವರಣೆ. ಹೊಟ್ಟೆ ತೊಳೆಸುವುದು ಇದರ ಪರಿಚಿತ ಅಡ್ಡಪರಿಣಾಮ. ಪ್ರಮಾಣ ಮೀರಿದರೆ ವಾಂತಿಯೂ ಆಗುತ್ತದೆ. ತಲೆನೋವು, ತಲೆಸುತ್ತು, ಚರ್ಮದಲ್ಲಿ ದದ್ದು ಕೆಲವರಲ್ಲಿ ಕಾಣಿಸುತ್ತವೆ.

ಕೈನಡುಕ ಮತ್ತು ಎದೆಬಡಿತ ಮಾತ್ರ ಗ್ವೈಫೆನೆಸಿನ್‌ನ ಸ್ವಭಾವವಲ್ಲ. ಬಾಟಲಿಯ ಮುಂಭಾಗದ ದೊಡ್ಡ ಅಕ್ಷರಗಳನ್ನು ಬಿಟ್ಟು, ಹಿಂಭಾಗದಲ್ಲಿ ಸಣ್ಣಗೆ ಅಚ್ಚಾಗಿರುವ ಘಟಕಗಳ ಪಟ್ಟಿಯನ್ನು ಓದಿ. ಅಲ್ಲಿ ಟರ್ಬ್ಯುಟಲಿನ್ ಅಥವಾ ಸಾಲ್ಬ್ಯುಟಮಾಲ್ ಎಂದಿದ್ದರೆ, ಶ್ವಾಸನಾಳವನ್ನು ಹಿಗ್ಗಿಸಲು ಸೇರಿಸಿದ ಆ ಔಷಧವೇ ನಿಮ್ಮ ಕೈ ನಡುಗಿಸುತ್ತಿದೆ ಎಂದು ಬಹುಮಟ್ಟಿಗೆ ಹೇಳಬಹುದು. ಮೂಗು ಕಟ್ಟಿದ್ದನ್ನು ಬಿಡಿಸುವ ಸ್ಯೂಡೋಎಫೆಡ್ರಿನ್ ಅಥವಾ ಫಿನೈಲೆಫ್ರಿನ್ ಇದ್ದರೆ ರಕ್ತದೊತ್ತಡವೇ ಏರಬಹುದಾದ್ದರಿಂದ, ನಿಮ್ಮಂಥವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು. ನೆಗಡಿ, ಅಲರ್ಜಿಗೆ ಸೇರಿಸುವ ಕ್ಲೋರ್ಫೆನಿರಮಿನ್ ನಿದ್ದೆ ತರಿಸುತ್ತದೆ. ಅದಿರುವ ಸಿರಪ್ ಕುಡಿದು ವಾಹನ ಓಡಿಸುವಂತಿಲ್ಲ. ಕೆಮ್ಮನ್ನೇ ಅದುಮುವ ಡೆಕ್ಸ್ಟ್ರೊಮೆಥಾರ್ಫಾನ್ ಖಿನ್ನತೆಗೆ ಕೊಡುವ ಹಲವು ಮಾತ್ರೆಗಳ ಜೊತೆ ಸೇರಿದರೆ ಅಪಾಯಕಾರಿ. ಕಫ ಹೊರಗೆ ಬರಲಿ ಎನ್ನುವ ಔಷಧವನ್ನೂ ಕೆಮ್ಮು ಬರದಿರಲಿ ಎನ್ನುವ ಔಷಧವನ್ನೂ ಒಂದೇ ಬಾಟಲಿಗೆ ಸುರಿಯುವುದರ ತರ್ಕ ನನಗಂತೂ ಎಂದೂ ಹಿಡಿಸಿಲ್ಲ.

ಇನ್ನು ಚಮಚದ ವಿಚಾರ. ಔಷಧದ ಲೆಕ್ಕದಲ್ಲಿ ಒಂದು ಚಮಚವೆಂದರೆ 5 ಮಿ.ಲೀ.; ಅಡುಗೆಮನೆಯ ಚಮಚಗಳಲ್ಲಿ ಕೆಲವು ಇದರ ಎರಡರಷ್ಟು ಹಿಡಿಯುತ್ತವೆ. ಬಾಟಲಿಯ ಜೊತೆ ಬಂದ ಗೆರೆ ಹಾಕಿದ ಮುಚ್ಚಳದಲ್ಲೇ ಅಳೆಯಿರಿ. ವಯಸ್ಕರಿಗೆ ಸಾಮಾನ್ಯ ಗ್ವೈಫೆನೆಸಿನ್ ನಾಲ್ಕು ಗಂಟೆಗೊಮ್ಮೆ 200ರಿಂದ 400 ಮಿ.ಗ್ರಾಂ., ದಿನಕ್ಕೆ 2,400 ಮಿ.ಗ್ರಾಂ. ಮೀರದಂತೆ. ಅತಿಯಾದ ಪ್ರಮಾಣದಲ್ಲಿ ಬಹುಕಾಲ ಸೇವಿಸಿದವರಲ್ಲಿ ಮೂತ್ರಪಿಂಡದ ಕಲ್ಲುಗಳೂ ಕಂಡುಬಂದಿವೆ.

ರಕ್ತದೊತ್ತಡದ ಮಾತ್ರೆಯ ಹೆಸರನ್ನು ನೀವು ಬರೆದಿಲ್ಲ. ಎನಾಲಪ್ರಿಲ್, ರಾಮಿಪ್ರಿಲ್‌ನಂಥವು ತಾವೇ ಕೆಮ್ಮು ತರುತ್ತವೆ, ಆದರೆ ಅದು ಒಣಕೆಮ್ಮು. ನಿಮ್ಮದು ಕಫದ ಕೆಮ್ಮಾದ್ದರಿಂದ ಆ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಮುಖ ಊದಿಕೊಂಡರೆ, ಉಸಿರು ಕಟ್ಟಿದರೆ, ಕಫದಲ್ಲಿ ರಕ್ತ ಕಂಡರೆ ಅಥವಾ ಸಿರಪ್ ನಿಲ್ಲಿಸಿದ ಮೇಲೂ ಎದೆಬಡಿತ ತಗ್ಗದಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಜ್ವರ ಬಂದರೆ ಅಥವಾ ಕೆಮ್ಮು ಒಂದು ವಾರ ದಾಟಿದರೂ ತೋರಿಸಿಕೊಳ್ಳಬೇಕು. ಹೋಗುವಾಗ ಸಿರಪ್ಪಿನ ಬಾಟಲಿಯನ್ನೂ ಮಾತ್ರೆಯ ಪಟ್ಟಿಯನ್ನೂ ಜೊತೆಗೆ ಒಯ್ಯಿರಿ.