ದೊಡ್ಡ ಕಾರ್ಬ್ಯುರೇಟರ್ ಹಾಕಿಸಿದ ಮೇಲೆ ಯಮಹಾ ಆರ್‌ಎಕ್ಸ್ 100 ಬೈಕಿನ ಐಡಲ್ (ಆಕ್ಸಿಲರೇಟರ್ ಬಿಟ್ಟಾಗಿನ ಎಂಜಿನ್ ವೇಗ) ಇಳಿಯುತ್ತಿಲ್ಲ, ಯಾಕೆ?

ಬದಿಯಡ್ಕದಲ್ಲಿ ಕಾರ್ಬ್ಯುರೇಟರ್ ಬದಲಿಸಿದ ಮೇಲೆ, ಐಡಲ್ ಸ್ಕ್ರೂ ಪೂರ್ತಿ ಬಿಚ್ಚಿದರೂ ಆರ್‌ಪಿಎಂ ಇಳಿಯುತ್ತಿಲ್ಲ ಎಂದಿದ್ದೀರಿ. ಹ್ಯಾಂಡಲ್ ತಿರುಗಿಸಿದಾಗ ಐಡಲ್ ಏರಿದರೆ ಆಕ್ಸಿಲರೇಟರ್ ಕೇಬಲ್ ಬಿಗಿಯಾಗಿದೆ, ಸ್ವಲ್ಪ ಸಡಿಲ ಮಾಡಿ.

ಹಾಗಿಲ್ಲ ಅಂದ್ರೆ ಎಂಜಿನ್ ಎಲ್ಲೋ ಗಾಳಿ ಎಳೆಯುತ್ತಿದೆ. ನನ್ನ ಮೊದಲ ಅನುಮಾನ ಕಾರ್ಬ್ಯುರೇಟರ್ ಕೂರುವ ರಬ್ಬರ್ ಮೇಲೆ. ಅಳತೆ ಬದಲಾದರೆ ಅದು ಸರಿಯಾಗಿ ಹಿಡಿಯುವುದಿಲ್ಲ. ಐಡಲ್‌ನಲ್ಲಿ ಓಡುತ್ತಿರುವಾಗಲೇ ರಬ್ಬರ್ ಸುತ್ತ, ಎಂಜಿನ್‌ಗೆ ಗಾಳಿ-ಪೆಟ್ರೋಲ್ ಒಳಬಿಡುವ ರೀಡ್ ವಾಲ್ವ್‌ನ ಗ್ಯಾಸ್ಕೆಟ್ ಅಂಚಿಗೆ ಸೋಪಿನ ನೀರು ಸಿಂಪಡಿಸಿ. ಸದ್ದು ಬದಲಾಯ್ತಾ? ಸೋರಿಕೆ ಅಲ್ಲೇ. ಬದಲಾಗದಿದ್ದರೆ ಮ್ಯಾಗ್ನೆಟ್ (ಕರೆಂಟ್ ಹುಟ್ಟಿಸುವ ಭಾಗ) ಬದಿಯ ಕ್ರ್ಯಾಂಕ್ ಆಯಿಲ್ ಸೀಲ್ ನೋಡಿಸಿ. ಹಳೆ ಗಾಡಿಯಲ್ಲಿ ಅದು ಗಟ್ಟಿಯಾಗಿ ಬಿರುಕು ಬಿಟ್ಟಿರಬಹುದು.

ಅಲ್ಲಿವರೆಗೆ ದಯವಿಟ್ಟು ಗಾಡಿ ಓಡಿಸಬೇಡಿ. ಗಾಳಿ ಜಾಸ್ತಿಯಾದರೆ ಪಿಸ್ಟನ್ ವಿಪರೀತ ಕಾಯುತ್ತದೆ, ಮುಳ್ಳೇರಿಯ ಕಡೆಯ ಏರಿನಲ್ಲಿ ಜಾಮ್ ಆಗಬಹುದು. ಸ್ಪಾರ್ಕ್ ಪ್ಲಗ್ ತುದಿ ಬೆಳ್ಳಗಿದ್ದರೆ ಗಾಳಿ ಜಾಸ್ತಿಯಾಗಿದೆ ಎಂದೇ ಅರ್ಥ, ಆಗಂತೂ ಸುಮ್ನೆ ತಡ ಮಾಡಬೇಡಿ.