ನಾಲ್ಕು ಟರ್ಮಿನಲ್‌ಗಳಿರುವ ಸ್ಪೀಕರ್‌ಗಳ ಜೋಡಣೆ

ನಮಸ್ಕಾರ. ನಿಮ್ಮ ಮುಂಭಾಗದ ಸ್ಪೀಕರ್‌ಗಳ ಹಿಂದೆ ಎರಡು ಕೆಂಪು, ಎರಡು ಕಪ್ಪು ಟರ್ಮಿನಲ್‌ಗಳಿದ್ದು, ರಿಸೀವರ್‌ನಲ್ಲಿ (ಸ್ಪೀಕರ್‌ಗಳನ್ನು ನಡೆಸುವ ಆಂಪ್ಲಿಫೈಯರ್ ಪೆಟ್ಟಿಗೆಯಲ್ಲಿ) ಪ್ರತಿ ಚಾನೆಲ್‌ಗೆ ಒಂದೇ ಜೋಡಿ ಇರುವುದರಿಂದ, ನಡುವಿನ ಲೋಹದ ಪಟ್ಟಿಗಳನ್ನು ತೆಗೆಯಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ತೆಗೆಯಬೇಡಿ. ಸಾಮಾನ್ಯವಾಗಿ ಮೇಲಿನ ಜೋಡಿ ಟ್ವೀಟರ್‌ಗೂ (ತೀಕ್ಷ್ಣ ಸ್ವರಗಳ ಭಾಗ) ಕೆಳಗಿನದು ವೂಫರ್‌ಗೂ (ಬಾಸ್, ಅಂದರೆ ತಗ್ಗಿನ ಸ್ವರಗಳ ಭಾಗ) ಸೇರಿರುತ್ತದೆ. ಅವೆರಡನ್ನೂ ಕೂಡಿಸುವುದು ಆ ಪಟ್ಟಿಗಳೇ ಆದ್ದರಿಂದ, ಅವನ್ನು ತೆಗೆದು ಒಂದೇ ಜೋಡಿಗೆ ತಂತಿ ಕೊಟ್ಟರೆ ಸ್ಪೀಕರಿನ ಒಂದು ಭಾಗದಿಂದ ಧ್ವನಿಯೇ ಬರುವುದಿಲ್ಲ.

ರಿಸೀವರ್‌ನ ಪ್ಲಗ್ ತೆಗೆದ ಮೇಲೆ, ಪಟ್ಟಿಗಳು ಬಿಗಿಯಾಗಿವೆಯೇ ಎಂದು ನೋಡಿಕೊಂಡು, ಮೇಲಿನ ಅಥವಾ ಕೆಳಗಿನ ಯಾವುದಾದರೂ ಒಂದು ಜೋಡಿಗೆ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಎಂಬಂತೆ ತಂತಿ ಸೇರಿಸಿ. ಒಂದು ಸ್ಪೀಕರಿನಲ್ಲಿ ಮಾತ್ರ ಇದು ಅದಲುಬದಲಾದರೆ ಬಾಸ್ ಸೊರಗುತ್ತದೆ. ತಂತಿಯ ಒಂದೇ ಒಂದು ಎಳೆಯೂ ಪಕ್ಕದ ಟರ್ಮಿನಲ್ಲಿಗೆ ತಾಗಬಾರದು. 8 ಓಮ್‌ನ ಸ್ಪೀಕರಿಗೆ, ಐದಾರು ಮೀಟರ್ ದೂರದವರೆಗೆ 16 ಗೇಜ್ ತಾಮ್ರದ ತಂತಿ ಸಾಕು.

ನಿಮ್ಮದು 7.1 (ಏಳು ಮುಖ್ಯ ಚಾನೆಲ್‌ಗಳಿರುವ) ರಿಸೀವರ್ ಆಗಿದ್ದು ಹಿಂಬದಿಯ ಸರೌಂಡ್ ಚಾನೆಲ್‌ಗಳು ಖಾಲಿ ಇದ್ದರೆ, ಮೆನುವಿನಲ್ಲಿ ಬೈ-ಆಂಪ್ ಆಯ್ಕೆಯೂ (ಸ್ಪೀಕರಿನ ಎರಡು ಜೋಡಿ ಟರ್ಮಿನಲ್‌ಗಳಿಗೂ ಬೇರೆ ಬೇರೆ ಆಂಪ್ಲಿಫೈಯರ್ ಚಾನೆಲ್ ಕೊಡುವುದು) ಇರಬಹುದು. ಆ ವಿಧಾನದಲ್ಲಿ ಮಾತ್ರ ಪಟ್ಟಿಗಳನ್ನು ತೆಗೆಯಲೇಬೇಕು, ಏಕೆಂದರೆ ಅವು ಹಾಗೆಯೇ ಉಳಿದರೆ ಎರಡು ಆಂಪ್ಲಿಫೈಯರ್‌ಗಳ ಔಟ್‌ಪುಟ್‌ಗಳು ಒಂದಕ್ಕೊಂದು ಸೇರಿ ರಿಸೀವರ್ ಕೆಡುವ ಅಪಾಯವಿದೆ. ಆದರೆ ಎರಡೂ ಆಂಪ್ಲಿಫೈಯರ್‌ಗಳು ಒಂದೇ ಪವರ್ ಸಪ್ಲೈಯನ್ನು ಹಂಚಿಕೊಳ್ಳುವುದರಿಂದ, ಹೀಗೆ ಮಾಡಿದರೆ ಸಿಗುವ ಲಾಭ ತೀರಾ ಅಲ್ಪ ಎಂಬುದು ನನ್ನ ಅಭಿಪ್ರಾಯ. ಅದಕ್ಕಿಂತ ಸ್ಪೀಕರ್‌ಗಳನ್ನು ಗೋಡೆಯಿಂದ ತುಸು ಮುಂದಕ್ಕೆ ಸರಿಸಿ ಕೇಳಿ ನೋಡಿ.